ಆರೈಕೆ ಮನೆಯ ಹುಲ್ಲುಹಾಸು

ಐನ್ ದ್ರಾಹಮ್,
12 ಅಕ್ಟೋಬರ್ 1986

ಅಮ್ ಖಮೈಸ್ ಅವರಿಗೆ ದಲೆಂದಾಳ ಸಲಾಮು.

ನಿಮಗೆ ನನ್ನ ನೆನಪು ಇರಲಾರದು. ಮಕ್ಕಳ ಆರೈಕೆ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಮೂವರಲ್ಲಿ ಕುಳ್ಳಗಿನವಳು ನಾನು. ಇಲ್ಲಿ ಎಲ್ಲರೂ ನಿಮ್ಮನ್ನು ಅಮ್ ಖಮೈಸ್ ಎನ್ನುತ್ತಿದ್ದರು. ನಾನು ಚಿಕ್ಕಪ್ಪ ಎನ್ನುತ್ತೇನೆ, ಎರಡೂ ಒಂದೇ ತಾನೆ? ನಿಮ್ಮ ದ್ವೀಪದ ವಿಳಾಸ ಕೊಟ್ಟವಳು ಅಡುಗೆಯ ಹನೀಫಾ. ನಿಮ್ಮಂತೆ ಉಪ್ಪಿಗೆ ಬೈಯುವವರು ಈಗ ಯಾರೂ ಇಲ್ಲವೆಂದು ಬೇಸರಿಸುತ್ತಿರುತ್ತಾಳೆ.

ನೀವು ಹೋದ ಮೇಲೆ ತೋಟ ಹತ್ತು ತಿಂಗಳು ಬೋಳು ಬಿದ್ದಿತ್ತು. ಆಗಸ್ಟಿನಲ್ಲಿ ಮಾಲಿ ಕೆಲಸವನ್ನು ನಾನೇ ಕೇಳಿ ಪಡೆದೆ. ಯಾಕೆಂದು ಕೇಳಬೇಡಿ. ಕಾಡುಹಂದಿಗಳು ಅಗೆದುಹಾಕಿದ ಕೆಳಗಿನ ಅರ್ಧಕ್ಕೆ ಮೊದಲ ಮಳೆಗೇ ಬೀಜ ಹಾಕಿದೆ. ಹಸಿರು ಕೂದಲಿನಂತೆ ಎದ್ದಿತು. ಮಕ್ಕಳಿಗೆಲ್ಲ ತೋರಿಸಿ ಬೀಗಿದೆ. ಈಗ ಒಂದು ತಿಂಗಳಿಗೇ ಅಲ್ಲಲ್ಲಿ ತಟ್ಟೆಯಗಲ ಹಳದಿ. ನೀರು ಹಾಕಿದಷ್ಟೂ ಹಳದಿ. ಹಂದಿಗಳು ಮುಟ್ಟದ ಮೇಲಿನ ಅರ್ಧದಲ್ಲಿ ನಿಮ್ಮ ಹಳೆಯ ಹುಲ್ಲಿಗೂ ಅದೇ ಗತಿ.

ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡ ಮಕ್ಕಳು ನಡೆಯಲು ಕಲಿಯುವುದು ಇಲ್ಲೇ ಎಂದು ನಿಮಗೆ ನಾನು ಹೇಳಬೇಕಿಲ್ಲ. ವ್ಯಾಯಾಮ ಮಾಡಿಸುವ ಮದಾಮ್ ನಾಜಿಹಾ ಈಗ ಮಕ್ಕಳನ್ನು ಕಲ್ಲು ದಾರಿಯ ಮೇಲೆ ನಡೆಸುತ್ತಿದ್ದಾರೆ. ಬಿದ್ದರೆ ಮೊಣಕಾಲು ಒಡೆಯುತ್ತದೆ. ಬೀಳುವ ಭಯಕ್ಕೆ ಮಕ್ಕಳು ಏಳುವುದೇ ಇಲ್ಲ.

ಇಪ್ಪತ್ತೆರಡು ವರ್ಷ ಈ ಹುಲ್ಲನ್ನು ಸಾಕಿದ ನಿಮಗೆ ಯಾವುದೋ ಗುಟ್ಟು ಗೊತ್ತಿರಬೇಕು. ದಯವಿಟ್ಟು ಹೇಳಿ.

ದಲೆಂದಾ


ಕರ್ಕನಾ ದ್ವೀಪ,
27 ಅಕ್ಟೋಬರ್ 1986

ದಲೆಂದಾಗೆ,

ನಿನ್ನ ಕಾಗದ ತಲುಪಿತು. ಹುಲ್ಲಿಗೆ ಗುಟ್ಟು ಯಾವುದೂ ಇಲ್ಲ. ದಿನಾ ಚಿಮುಕಿಸಬೇಡ, ವಾರಕ್ಕೆ ಎರಡು ಸಲ ಬೇರಿಗೆ ಇಳಿಯುವಂತೆ ನೀರು ಕೊಡು. ಸಂಜೆ ಕೆಳಗಿನ ಬಾಗಿಲಿನ ಅಗುಳಿ ಹಾಕು. ಹಾಕಿದ ಮೇಲೆ ಕೈಯಿಂದ ಎಳೆದು ನೋಡು.

ಆ ತೋಟಕ್ಕೂ ನನಗೂ ಇದ್ದ ಋಣ ಮುಗಿಯಿತು. ಮತ್ತೆ ಕೇಳಬೇಡ. ಹನೀಫಾಗೆ ಸಲಾಮು ಹೇಳು.

ಖಮೈಸ್


ಐನ್ ದ್ರಾಹಮ್,
6 ನವೆಂಬರ್ 1986

ಚಿಕ್ಕಪ್ಪನಿಗೆ,

ಕೇಳಬೇಡ ಎಂದಿರಿ, ಕೇಳುತ್ತಿದ್ದೇನೆ. ಬೈಯಬೇಕೆನಿಸಿದರೆ ಮುಂದಿನ ಕಾಗದದಲ್ಲಿ ಬೈಯಿರಿ, ಉತ್ತರವಾದರೂ ಬಂದಂತಾಯಿತು. ನಿಮ್ಮ ಅಕ್ಷರ ಎಷ್ಟು ದುಂಡಗಿದೆ! ನೀವು ಇಷ್ಟು ಓದಿದವರೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಟ್ಟೆ ಒಗೆಯುವವಳಿಗೆ ಇಷ್ಟೇ ಸಾಕೆಂದು ಚುಟುಕಾಗಿ ಬರೆದಿರೋ ಏನೋ.

ನಿನ್ನೆ ಮೇಲಿನ ಅರ್ಧದಲ್ಲಿ ಸತ್ತ ಹುಲ್ಲನ್ನು ಕೀಳಲು ಕೈ ಹಾಕಿದೆ. ಕೀಳುವುದೇ ಬೇಕಾಗಲಿಲ್ಲ, ಚಾಪೆ ಸುತ್ತಿದಂತೆ ಸುತ್ತಿಕೊಂಡು ಬಂತು. ಕೆಳಗೆ ಒಂದೂ ಬೇರಿಲ್ಲ. ಮಣ್ಣಿನಲ್ಲಿ ಕಿರುಬೆರಳಿನ ಗಾತ್ರದ ಬಿಳೀ ಹುಳುಗಳು ಮಡಚಿಕೊಂಡು ಮಲಗಿದ್ದವು. ತಲೆ ಕಂದು, ಬಾಲದ ಕಡೆ ಬೂದಿ ಬಣ್ಣ, ಎದೆಯ ಹತ್ತಿರ ಆರು ಪುಟ್ಟ ಕಾಲು. ಎರೆಹುಳದ ಹಾಗೆ ಇವೂ ಮಣ್ಣಿಗೆ ಒಳ್ಳೆಯವೇ ಇರಬೇಕೆಂದು ಒಂದೊಂದನ್ನೂ ಎತ್ತಿ ಹೊಸ ಬೀಜ ಹಾಕಿದ ಕಡೆ ಬಿಟ್ಟೆ. ಸರಿ ಮಾಡಿದೆನೆ?

ನಮ್ಮ ಮೇಲಧಿಕಾರಿ ಸಿ ತಿಜಾನಿ ಬಂದು ನೋಡಿದರು. "ಏನಮ್ಮಾ, ತಲೆ ಬೋಳಾಗ್ತಿದೆಯಲ್ಲ ನಿನ್ನ ತೋಟ. ಮುಂದಿನ ಅಕ್ಟೋಬರ್‌ಗೆ ಸಚಿವಾಲಯದವರು ಬರ್ತಾರೆ. ಅಷ್ಟರಲ್ಲಿ ಹುಲ್ಲಿಲ್ಲ ಅಂದ್ರೆ ಸಿಮೆಂಟ್ ಹಾಕಿಸ್ತೀನಿ. ಸಿಮೆಂಟಿಗೆ ನೀರೂ ಬೇಡ, ಮಾಲಿಯೂ ಬೇಡ" ಎಂದರು. ಅಲ್ಲಿಯವರೆಗೆ ಎರಚಲು ಒಂದು ವಿಷದ ಪುಡಿ ತರಿಸಿಟ್ಟಿದ್ದಾರೆ. ಡಬ್ಬದ ಮೇಲೆ ತಲೆಬುರುಡೆಯ ಚಿತ್ರವಿದೆ.

ದಲೆಂದಾ


ಕರ್ಕನಾ,
18 ನವೆಂಬರ್ 1986

ಅಯ್ಯೋ ಮಗಳೇ, ಎಂಥ ಕೆಲಸ ಮಾಡಿದೆ! ಕಳ್ಳರನ್ನು ಹಿಡಿದು ಪಕ್ಕದ ಮನೆಗೆ ಬಿಟ್ಟ ಹಾಗಾಯಿತು.

ಅವು ಗೊಣ್ಣೆಹುಳು. ಕಂದು ದುಂಬಿಯ ಮರಿಗಳು. ಎರಡು ಮೂರು ವರ್ಷ ಮಣ್ಣಿನಲ್ಲೇ ಇದ್ದು ಬೇರು ತಿನ್ನುತ್ತವೆ. ಬೇರಿಲ್ಲದ ಹುಲ್ಲಿಗೆ ನೀರು ಹಾಕಿ ಏನು ಬಂತು? ನಾನು ಹೇಳಿದ್ದೂ ತಪ್ಪು.

ಮೊದಲು ಆ ಪುಡಿಯ ಡಬ್ಬ ತೆರೆಯಲು ಬಿಡಬೇಡ. ಮಕ್ಕಳು ಆ ಹುಲ್ಲಿನ ಮೇಲೆ ಬಿದ್ದು ಎದ್ದು ಅದೇ ಕೈಯಲ್ಲಿ ರೊಟ್ಟಿ ತಿನ್ನುತ್ತಾರೆ. ಮದಾಮ್ ನಾಜಿಹಾಗೆ ಹೇಳು, ಅವರ ಮಾತನ್ನು ಸಿ ತಿಜಾನಿ ಕೇಳುತ್ತಾರೆ.

ಆಮೇಲೆ ಲೆಕ್ಕ ನೋಡು. ಒಂದು ಅಡಿ ಚೌಕ ಗುರುತು ಮಾಡಿ ಮೂರು ಕಡೆ ಗುದ್ದಲಿಯಿಂದ ಕೊಯ್ದು ಹುಲ್ಲನ್ನು ಪುಸ್ತಕದ ಹಾಳೆಯಂತೆ ಮಗುಚು. ಕೆಳಗೆ ನಾಲ್ಕು ಬೆರಳು ಆಳದವರೆಗೆ ಮಣ್ಣು ಕೆದಕಿ ಎಣಿಸು. ಐದಾರು ಇದ್ದರೆ ಹುಲ್ಲು ತಾಳಿಕೊಳ್ಳುತ್ತದೆ. ಹತ್ತು ದಾಟಿದರೆ ಅಗೆಯಲೇಬೇಕು. ಬೇಗ ಅಗೆ. ಚಳಿ ಬಿಗಿದರೆ ಹುಳುಗಳು ಆಳಕ್ಕೆ ಇಳಿಯುತ್ತವೆ, ಆಮೇಲೆ ವಸಂತದವರೆಗೆ ಕೈಗೆ ಸಿಗುವುದಿಲ್ಲ.

ಅಗೆದ ಮಣ್ಣಿಗೆ ಕೋಳಿ ಬಿಡು. ಅದಕ್ಕಿಂತ ಒಳ್ಳೆಯ ಔಷಧಿ ನನಗೆ ಗೊತ್ತಿಲ್ಲ.

ಅವತ್ತು ಹಂದಿಗಳು ಬಂದದ್ದು ಈ ಹುಳುಗಳಿಗೇ. ನೀನು ಹುಳುವಿನ ಸಂಗತಿ ಬರೆದಾಗಿನಿಂದ ಕುಳಿತಲ್ಲಿ ಕೂರಲಾಗುತ್ತಿಲ್ಲ. ಹುಲ್ಲು ತಿನ್ನಲು ಬರುತ್ತವೆಯೇ ಹಂದಿಗಳು?

ಖಮೈಸ್


ಐನ್ ದ್ರಾಹಮ್,
9 ಡಿಸೆಂಬರ್ 1986

ಪ್ರೀತಿಯ ಚಿಕ್ಕಪ್ಪ,

ಒಂದು ಅಡಿ ಚೌಕದಲ್ಲಿ ಇಪ್ಪತ್ತಮೂರು! ಇನ್ನೊಂದು ಕಡೆ ಹತ್ತೊಂಬತ್ತು.

ಪುಡಿಯ ಡಬ್ಬ ಹಿಂದಕ್ಕೆ ಹೋಯಿತು. ಮದಾಮ್ ನಾಜಿಹಾ ಅದನ್ನು ಸಿ ತಿಜಾನಿಯ ಮೇಜಿನ ಮೇಲೆ ಇಟ್ಟು, "ಇದನ್ನ ಎರಚೋ ದಿನ ಮೊದಲು ನಿಮ್ಮ ಮೊಮ್ಮಗಳನ್ನ ಅಲ್ಲಿ ಅಂಬೆಗಾಲಲ್ಲಿ ಬಿಡಿ, ಆಮೇಲೆ ನನ್ನ ಮಕ್ಕಳು ಬರ್ತಾರೆ" ಎಂದರಂತೆ.

ಕೋಳಿಗಳಿಗಾಗಿ ಊರಿನ ಮನೆಮನೆ ತಿರುಗಿದೆ. ಹದಿನೇಳು ಸಿಕ್ಕವು. ಯಾರದು ಯಾವುದೆಂದು ತಿಳಿಯಲಿ ಅಂತ ಕಾಲಿಗೆ ಬಣ್ಣದ ದಾರ ಕಟ್ಟಿದೆ. ನಾನು ಮುಂದೆ ಅಗೆಯುತ್ತಿದ್ದರೆ ಅವು ಹಿಂದೆ ಕೆದಕುತ್ತಾ, ಒಂದು ಹುಳುವಿಗೆ ನಾಲ್ಕು ಜಗಳವಾಡುತ್ತಾ ಬಂದವು. ಮಕ್ಕಳೆಲ್ಲ ಕಲ್ಲು ದಾರಿಯ ಅಂಚಿಗೆ ಬಂದು ಕುಳಿತರು. ಮಬ್ರೂಕಾ ಎಂಬ ಏಳು ವರ್ಷದ ಹುಡುಗಿ ಇದ್ದಾಳೆ, ನೀವು ಹೋದ ಮೇಲೆ ಬಂದವಳು. ಎರಡು ತಿಂಗಳಿಂದ ಬೆಂಚು ಬಿಟ್ಟು ಎದ್ದವಳಲ್ಲ. ಹನೀಫಾಳ ಕೆಂಪು ಹುಂಜ ಒಂದು ಪುಟ್ಟ ಕಪ್ಪು ಹೇಂಟೆಯ ಬಾಯಿಂದ ಹುಳು ಕಿತ್ತುಕೊಂಡಿತು. "ಏ ಕಳ್ಳಾ! ಅದರದ್ದು ಅದಕ್ಕೆ ಕೊಡೋ!" ಎಂದು ಕೂಗಿ ಆ ಹುಡುಗಿ ಊರುಗೋಲು ಹಿಡಿದು ಎದ್ದೇಬಿಟ್ಟಳು! ಆರು ಹೆಜ್ಜೆ. ಏಳನೆಯದಕ್ಕೆ ಬಿದ್ದಳು, ಅಗೆದ ಮಣ್ಣಿನ ಮೇಲೆ, ಮೆತ್ತಗೆ. ಬಿದ್ದಲ್ಲಿಂದಲೇ ಹುಂಜಕ್ಕೆ ಬೈದಳು. ಮದಾಮ್ ನಾಜಿಹಾ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಸಿ ತಿಜಾನಿ ಕಿಟಕಿಯಿಂದ, "ಇದೇನು ಆರೈಕೆ ಮನೇನೋ, ಕೋಳಿ ಸಂತೇನೋ?" ಎಂದು ಕೂಗಿದರು. ಹನೀಫಾ ಬಿಟ್ಟಾಳೆಯೇ? "ಎರಡೂನೂ. ನಾಳೆ ಮೊಟ್ಟೆ ಕಳಿಸ್ತೀನಿ, ಸುಮ್ನೆ ಒಳಗೆ ಹೋಗಿ!" ಎಂದಳು.

ಇನ್ನೊಂದು ಮುಖ್ಯ ಸಂಗತಿ. ಕಳೆದ ಶುಕ್ರವಾರ ಹಂದಿಗಳು ಮತ್ತೆ ಬಂದಿದ್ದವು. ಕೆಳಗಿನ ಬಾಗಿಲಿಗೆ ನಾನೇ ಅಗುಳಿ ಹಾಕಿ, ನೀವು ಹೇಳಿದಂತೆ ಎಳೆದು ನೋಡಿದ್ದೆ. ಬೆಳಗ್ಗೆಯೂ ಹಾಕಿದ್ದಂತೆಯೇ ಇತ್ತು. ಬೇಲಿಯ ಸುತ್ತ ಹುಡುಕಿದೆ. ಓಕ್ ಮರದ ಹಿಂದೆ ಬೇಲಿಯ ಕೆಳಗೆ ಒಂದು ಕಂದಕವಿದೆ, ಬಾವಿಯ ಕಟ್ಟೆಯಂತೆ ನುಣುಪಾಗಿ ಸವೆದಿದೆ. ಎಷ್ಟೋ ವರ್ಷದ ದಾರಿ ಅದು. ಈಗ ಕಲ್ಲು ತುಂಬಿ ಮುಚ್ಚಿದ್ದೇನೆ. ಬಾಗಿಲಿಗೂ ಹಂದಿಗೂ ಸಂಬಂಧವೇ ಇಲ್ಲ, ಚಿಕ್ಕಪ್ಪ!

ಒಂದು ಮಾತು ಕೇಳಲೇ? ಹುಳುವಿನ ಬಗ್ಗೆ ಇಷ್ಟೆಲ್ಲ ಗೊತ್ತಿರುವ ನಿಮಗೆ ಇಲ್ಲಿದ್ದಾಗ ಅದು ಯಾಕೆ ಕಾಣಲಿಲ್ಲ? ಸಿ ತಿಜಾನಿಯ ಮೇಲಿನ ಸಿಟ್ಟಿಗೆ ನೀವು ನೋಡಿಯೂ ಸುಮ್ಮನಿದ್ದಿರಿ ಎಂದು ಇಲ್ಲಿ ಕೆಲವರು ಹೇಳುತ್ತಾರೆ. ನಾನು ನಂಬುವುದಿಲ್ಲ. ಆದರೂ ನಿಮ್ಮ ಬಾಯಿಂದ ಕೇಳಿದರೆ ಅವರ ಮುಖಕ್ಕೆ ಹೇಳಬಹುದು.

ದಲೆಂದಾ


ಐನ್ ದ್ರಾಹಮ್,
18 ಜನವರಿ 1987

ಚಿಕ್ಕಪ್ಪ,

ಐದು ವಾರದಿಂದ ನಿಮ್ಮ ಕಾಗದವಿಲ್ಲ. ಹಿಮ ಬಿದ್ದು ನಾಲ್ಕು ದಿನ ರಸ್ತೆ ಮುಚ್ಚಿತ್ತು. ತೆರೆದ ದಿನವೇ ಅಂಚೆ ಮನೆಗೆ ಹೋದೆ. "ದ್ವೀಪದಿಂದ ಮೀನಿನ ವಾಸನೆ ಕೂಡ ಬಂದಿಲ್ಲ, ಹೋಗಕ್ಕಾ" ಎಂದರು.

ನನ್ನ ಪ್ರಶ್ನೆಯಿಂದ ನೋವಾಗಿದ್ದರೆ ಅದನ್ನು ಹರಿದು ಹಾಕಿ. ಉತ್ತರ ಬೇಡ. ನೀವು ಆರೋಗ್ಯವಾಗಿದ್ದೀರಿ ಎಂದು ಒಂದು ಸಾಲು ಬರೆಯಿರಿ, ಸಾಕು.

ಹಿಮದ ಕೆಳಗೆ ಮಣ್ಣು ಮಲಗಿದೆ. ಹುಳುಗಳೂ ಮಲಗಿರಬೇಕು.

ದಲೆಂದಾ


ಕರ್ಕನಾ,
2 ಫೆಬ್ರವರಿ 1987

ದಲೆಂದಾ ಅವರಿಗೆ,

ನಾನು ಮನ್ನಾನಾ, ಖಮೈಸ್ ಅವರ ಮಗಳು. ನೀವು ಮೆಚ್ಚಿದ ದುಂಡು ಅಕ್ಷರ ನನ್ನದು. ಈ ಕಾಗದ ಬರೆಯುತ್ತಿರುವುದು ಅಪ್ಪನಿಗೆ ಗೊತ್ತಿಲ್ಲ.

ಅಪ್ಪನಿಗೆ ಕಣ್ಣು ಕಾಣುವುದಿಲ್ಲ. ನಿಮ್ಮ ಕಾಗದಗಳನ್ನು ನಾನು ಓದುತ್ತೇನೆ, ಅವರು ಹೇಳಿದ್ದನ್ನು ಬರೆಯುತ್ತೇನೆ. "ಕಣ್ಣಿನ ವಿಷಯ ಒಂದು ಅಕ್ಷರ ಬರೆದ್ರೂ ನಾನು ಊಟ ಬಿಡ್ತೀನಿ" ಎಂದು ಮೊದಲ ದಿನವೇ ಹೆದರಿಸಿದ್ದರು. ನಿಮ್ಮ ಡಿಸೆಂಬರ್ ಕಾಗದ ಓದುವಾಗ ಕೋಳಿ ಜಗಳಕ್ಕೆ ನಗುತ್ತಿದ್ದರು. ಮಬ್ರೂಕಾಳ ಆರು ಹೆಜ್ಜೆಯನ್ನು ಮೂರು ಸಲ ಓದಿಸಿದರು. ಆಮೇಲೆ ನೀವು "ಯಾಕೆ ಕಾಣಲಿಲ್ಲ" ಎಂದು ಕೇಳಿದ ಸಾಲು ಬಂತು. ಎದ್ದು ಕೋಲು ಊರಿಕೊಂಡು ಸಮುದ್ರದ ಕಡೆ ಹೋದರು. ಅಂದಿನಿಂದ ಒಂದು ಸಾಲೂ ಬರೆಸಿಲ್ಲ.

ನೀವು ಕೆಟ್ಟ ಮನಸ್ಸಿನಿಂದ ಕೇಳಿದವರಲ್ಲ ಎಂದು ನನಗೆ ಗೊತ್ತು. ಆದರೆ ಅಪ್ಪ ಈ ಒಂದು ವರ್ಷದಲ್ಲಿ ಜೀವ ಬಂದವರಂತೆ ಮಾತಾಡಿದ್ದು ನಿಮ್ಮ ಹುಳುಗಳ ಬಗ್ಗೆ ಮಾತ್ರ. ಆದ್ದರಿಂದ ಬರೆಯುವುದನ್ನು ನಿಲ್ಲಿಸಬೇಡಿ.

ಮನ್ನಾನಾ


ಐನ್ ದ್ರಾಹಮ್,
15 ಫೆಬ್ರವರಿ 1987

ಮನ್ನಾನಾ ಅಕ್ಕ, ಇದನ್ನು ಒಂದು ಮಾತೂ ಬಿಡದೆ ಅಪ್ಪನಿಗೆ ಓದಿ ಹೇಳಿ.

ಚಿಕ್ಕಪ್ಪ,

ನಾನು ಮಾಲಿ ಕೆಲಸ ಯಾಕೆ ಕೇಳಿ ಪಡೆದೆ ಎಂದು ಹೇಳಿರಲಿಲ್ಲ. ಈಗ ಹೇಳುತ್ತೇನೆ.

ಹಂದಿಗಳು ಬಂದ ಹಿಂದಿನ ಸಂಜೆ ನಾನು ಕೆಳಗಿನ ಇಳಿಜಾರಿನ ಪೊದೆಗಳ ಮೇಲೆ ದುಪ್ಪಟಿ ಹರವಿದ್ದೆ. ಮಳೆ ಶುರುವಾಯಿತು. ಎರಡೂ ತೋಳಿನ ತುಂಬ ದುಪ್ಪಟಿ ಬಾಚಿಕೊಂಡು ಓಡಿ ಬಂದೆ. ಅಷ್ಟರಲ್ಲಿ ನೀವು ಅಗುಳಿ ಹಾಕಿಬಿಟ್ಟಿದ್ದಿರಿ. ಸಂದಿಯಿಂದ ಬೆರಳು ತೂರಿಸಿ ತೆಗೆದೆ. ಒಳಗೆ ಬಂದು ಬಾಗಿಲನ್ನು ಕಾಲಿನಿಂದ ತಳ್ಳಿದೆ. ಅಗುಳಿ ಹಾಕಲಿಲ್ಲ.

ಬೆಳಗ್ಗೆ ಸಿ ತಿಜಾನಿ ಎಲ್ಲರ ಮುಂದೆ ನಿಮ್ಮನ್ನು ನಿಲ್ಲಿಸಿ, "ಅಗುಳಿ ಹಾಕೋನು ಯಾರು?" ಎಂದರು. "ನಾನು" ಎಂದಿರಿ. "ಮತ್ತೆ ತೆರೆದಿದ್ದು ಹ್ಯಾಗೆ?" ನೀವು ತಲೆ ತಗ್ಗಿಸಿ, "ನನ್ನದೇ ತಪ್ಪಿರಬೇಕು" ಎಂದಿರಿ. ನಾನು ಬುಟ್ಟಿ ಹಿಡಿದು ನಿಮ್ಮಿಂದ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಅವರು ನಿಮ್ಮನ್ನು ಕೆಲಸದಿಂದ ತೆಗೆದಾಗಲೂ, ನೀವು ಬಸ್ಸು ಹತ್ತುವವರೆಗೂ ತೆರೆಯಲಿಲ್ಲ.

ಹಂದಿಗಳು ಬೇಲಿಯ ಕೆಳಗಿಂದ ಬರುತ್ತವೆ ಎಂದು ಗೊತ್ತಾದ ದಿನ ನನಗಾದ ಸಂತೋಷ ನಿಮಗಾಗಿ ಅಲ್ಲ, ನನಗಾಗಿ. ಇನ್ನು ಹೇಳದಿದ್ದರೂ ನಡೆಯುತ್ತದೆ ಎಂದುಕೊಂಡೆ. ಆ ಧೈರ್ಯದಲ್ಲೇ ನಿಮ್ಮನ್ನು ಹಾಗೆ ಪ್ರಶ್ನೆ ಕೇಳಿದೆ. ನಾನು ಕೇಳಬಾರದಿತ್ತು. ಬೇರೆ ಯಾರಾದರೂ ಕೇಳಬಹುದಿತ್ತು, ನಾನಲ್ಲ.

ದಲೆಂದಾ


ಕರ್ಕನಾ,
12 ಮಾರ್ಚ್ 1987

ದಲೆಂದಾ,

ನಿನ್ನ ಕಾಗದವನ್ನು ಮನ್ನಾನಾ ಓದಿ ಮುಗಿಸಿದಳು. ಐದನೆಯ ದಿನ "ನಿನ್ನನ್ನು ಕ್ಷಮಿಸಿದ್ದೇನೆ" ಎಂದು ಬರೆಸಲು ಕೂತೆ. ಅವಳು ಪೆನ್ನು ಕೆಳಗಿಟ್ಟು, "ಅಪ್ಪಾ, ನಿಜವಾಗ್ಲೂನಾ?" ಎಂದಳು. "ಇನ್ನೂ ಪೂರ್ತಿ ಇಲ್ಲ" ಎಂದೆ. "ಹಾಗಾದ್ರೆ ಹಾಗೇ ಬರೀತೀನಿ" ಎಂದಳು. ಹಾಗೇ ಬರೆದಿದ್ದಾಳೆ.

ಈಗ ನನ್ನದನ್ನು ಕೇಳು. ಕೆಲಸ ಬಿಡುವುದಕ್ಕೆ ಎರಡು ವರ್ಷ ಮೊದಲಿನಿಂದಲೇ ಕಣ್ಣಿನ ಮುಂದೆ ಹಾಲು ಸುರಿದಂತೆ ಪೊರೆ ಬಂದಿತ್ತು. ಯಾರಿಗೂ ಹೇಳಲಿಲ್ಲ. ಕಣ್ಣಿಲ್ಲದ ಮಾಲಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಹುಲ್ಲನ್ನು ಅಂಗಾಲಿನಿಂದ ನೋಡುತ್ತಿದ್ದೆ, ಗುಲಾಬಿಯನ್ನು ಮೂಗಿನಿಂದ, ಅಗುಳಿಯನ್ನು ಸದ್ದಿನಿಂದ. ಆ ಸಂಜೆ ಗಾಳಿಮಳೆಗೆ ಸದ್ದು ಸರಿಯಾಗಿ ಕೇಳಿಸಿರಲಿಲ್ಲ. ಆದ್ದರಿಂದಲೇ ನನ್ನದೇ ತಪ್ಪಿರಬೇಕು ಎಂದೆ.

ಆದರೆ ನನ್ನ ನಿಜವಾದ ತಪ್ಪು ಅದಲ್ಲ. ಆ ಕೊನೆಯ ಶರತ್ಕಾಲದಲ್ಲಿ ಮಣ್ಣಿಗೆ ಕೈ ಹಾಕಿದಾಗಲೆಲ್ಲ ಬೆರಳಿಗೆ ತಣ್ಣಗೆ ಮೆತ್ತಗೆ ಏನೋ ತಗುಲುತ್ತಿತ್ತು. ಕೊಳೆತ ಓಕ್ ಕಾಯಿ ಎಂದು ನನಗೆ ನಾನೇ ಹೇಳಿಕೊಂಡೆ. ಗೊಣ್ಣೆಹುಳು ಎಂದು ಒಳಗೆ ಗೊತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಯಾರನ್ನಾದರೂ, ಬುಟ್ಟಿ ಹೊತ್ತ ನಿನ್ನನ್ನೇ ಕರೆದು, "ಇದೇನು ನೋಡಮ್ಮ" ಎಂದಿದ್ದರೆ ಸಾಕಿತ್ತು. ಕರೆದಿದ್ದರೆ ನನಗೆ ಕಾಣುವುದಿಲ್ಲ ಎಂದು ಗೊತ್ತಾಗುತ್ತಿತ್ತು. ಮಕ್ಕಳ ಹುಲ್ಲು ಹೋದರೂ ಸರಿ, ನನ್ನ ಗುಟ್ಟು ಉಳಿಯಲಿ ಎಂದುಕೊಂಡೆ. ನೀನೂ ಬಾಯಿ ತೆರೆಯಲಿಲ್ಲ, ನಾನೂ ತೆರೆಯಲಿಲ್ಲ. ಅವತ್ತು ಹಂದಿಗಳು ಮಾತ್ರ ತಮ್ಮ ಕೆಲಸವನ್ನು ಬಚ್ಚಿಡದೆ ಮಾಡಿದವು.

ಸಿ ತಿಜಾನಿಗೆ ಹೇಳು. ನನಗಾಗಿ ಅಲ್ಲ, ನಿನ್ನ ಎದೆ ಹಗುರವಾಗಲಿ. ಕೆಲಸ ಹೋದರೆ ಇಲ್ಲಿಗೆ ಬಾ, ಅಳಿಯನ ಬಲೆಗಳು ಯಾವಾಗಲೂ ಹರಿದೇ ಇರುತ್ತವೆ, ಹೊಲಿಯಬಹುದು.

ಇನ್ನು ಹುಲ್ಲು. ಬಿಸಿಲು ಬಲಿಯುತ್ತಿದ್ದಂತೆ ಹುಳುಗಳು ಮತ್ತೆ ಮೇಲೆ ಬರುತ್ತವೆ. ಇನ್ನೊಮ್ಮೆ ಅಗೆ, ಇನ್ನೊಮ್ಮೆ ಕೋಳಿ. ಆಮೇಲೆ ಮಣ್ಣು ಚೊಕ್ಕಟ ಮಾಡಿ, ಏಪ್ರಿಲ್ ಮೊದಲ ವಾರ ಬಿತ್ತು. ಬೀಜದ ಜೊತೆಗೆ ಗರಿಕೆಯ ಗೆಣ್ಣುಗಳನ್ನೂ ನೆಡು, ಅದು ಹಟಮಾರಿ. ಮೇ ತಿಂಗಳಲ್ಲಿ ದುಂಬಿಗಳು ಹಾರುತ್ತವೆ. ಹುಲ್ಲಿನ ಕಡೆಯ ಜಗುಲಿಯ ದೀಪವನ್ನು ಸಂಜೆ ಹಚ್ಚಬೇಡ. ಬೇಲಿಯ ಆಚೆ ಒಂದು ಬಿಳೀ ದುಪ್ಪಟಿ ಕಟ್ಟಿ, ಮುಂದೆ ಲಾಟೀನು, ಕೆಳಗೆ ಸೋಪಿನ ನೀರಿನ ಬಾನಿ ಇಡು. ದುಪ್ಪಟಿ ಹೇಗೆ ಕಟ್ಟಬೇಕೆಂದು ನಿನಗೆ ನಾನು ಹೇಳಿಕೊಡಬೇಕೆ?

ಈ ಕಾಗದ ಬರೆದುಕೊಡಬೇಕಾದರೆ ಸ್ಫಾಕ್ಸ್ ಪಟ್ಟಣದ ಕಣ್ಣಿನ ಡಾಕ್ಟರ ಬಳಿಗೆ ಬರಬೇಕೆಂದು ಮನ್ನಾನಾ ಶರತ್ತು ಹಾಕಿದ್ದಾಳೆ. ಒಪ್ಪಿದ್ದೇನೆ.

ಖಮೈಸ್


ಐನ್ ದ್ರಾಹಮ್,
10 ಮೇ 1987

ಚಿಕ್ಕಪ್ಪ,

"ಇನ್ನೂ ಪೂರ್ತಿ ಇಲ್ಲ" ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ಪೂರ್ತಿ ಕ್ಷಮಿಸಿದ್ದೇನೆ ಎಂದು ಬರೆದಿದ್ದರೆ ನಾನು ನಂಬುತ್ತಿರಲಿಲ್ಲ. ಇದನ್ನು ನಂಬಿದೆ.

ಸಿ ತಿಜಾನಿಗೆ ಹೇಳಿದೆ. ಅವರು ಕಾಫಿ ಕುಡಿಯುತ್ತಿದ್ದರು.

"ಹಂದಿ ಬಂದದ್ದು ಬಾಗಿಲಿಂದಲ್ಲ, ಬೇಲಿ ಕೆಳಗಿಂದ. ಆದ್ರೆ ಅವತ್ತು ಬಾಗಿಲು ತೆರೆದುಬಿಟ್ಟಿದ್ದು ಕೂಡ ಅಮ್ ಖಮೈಸ್ ಅಲ್ಲ. ನಾನು."

"ಒಂದೂವರೆ ವರ್ಷ ಆದ್ಮೇಲೆ ನೆನಪಾಯ್ತಾ?"

"ನೆನಪು ಅವತ್ತೇ ಇತ್ತು, ಸಿ ತಿಜಾನಿ. ಬಾಯಿ ಇವತ್ತು ಬಂತು."

ಅವರು ಲೋಟ ಕೆಳಗಿಟ್ಟರು. "ಹೋಗು, ಕೆಲಸ ನೋಡು" ಎಂದರು. ಮೂರು ದಿನವಾದ ಮೇಲೆ ಕರೆದು ಒಂದು ಲಕೋಟೆ ಕೊಟ್ಟರು. ಇದರ ಜೊತೆಗಿದೆ. ಬುಟ್ಟಿಯಲ್ಲಿ ಹರಿದ ಹಾಳೆಗಳ ರಾಶಿ ಬಿದ್ದಿತ್ತು. ಎರಡು ಸಾಲು ಬರೆಯಲು ಅಷ್ಟು ಹಾಳೆ ಬೇಕಾಯಿತು ಆ ಮನುಷ್ಯನಿಗೆ. ಆದರೆ ಸಿಮೆಂಟಿನ ಮಾತು ಮಾತ್ರ ಬಿಟ್ಟಿಲ್ಲ. ಮೂಟೆಗಳು ಬಂದು ಕೊಟ್ಟಿಗೆಯಲ್ಲಿ ಕೂತಿವೆ.

ವಸಂತದ ಅಗೆತ ಮುಗಿಯಿತು. ಚೌಕಕ್ಕೆ ನಾಲ್ಕು ಹುಳು ಸಿಕ್ಕವು, ಒಂದು ಕಡೆ ಮೂರೇ. ಬಿತ್ತಿದ್ದೇನೆ. ಗರಿಕೆ ಹಿಡಿದಿದೆ. ದುಪ್ಪಟಿಯ ಉಪಾಯಕ್ಕೆ ಮಕ್ಕಳು ಕುಣಿಯುತ್ತಿದ್ದಾರೆ. ಊಟದ ಗಂಟೆಯವರೆಗೆ ಜಗುಲಿಯಲ್ಲಿ ಸಾಲಾಗಿ ಕೂತು, ಟಪ್ ಎಂದು ಬಾನಿಗೆ ಬೀಳುವ ದುಂಬಿಗಳನ್ನು ಎಣಿಸುತ್ತಾರೆ. ನಿನ್ನೆ ನೂರಾ ಹನ್ನೆರಡು. ಮಬ್ರೂಕಾ ನೂರಾ ಹದಿಮೂರು ಎಂದು ಜಗಳವಾಡಿದಳು.

ಡಾಕ್ಟರು ಏನೆಂದರು?

ದಲೆಂದಾ


ಕರ್ಕನಾ,
14 ಜೂನ್ 1987

ದಲೆಂದಾ,

ಇದು ನನ್ನ ಅಕ್ಷರ. ಕೋಳಿ ಕೆದಕಿದಂತಿದೆ ಎಂದು ಮನ್ನಾನಾ ನಗುತ್ತಿದ್ದಾಳೆ. ಬಲಗಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಮಗಳ ತಲೆಯ ನರೆಗೂದಲು. ಇಷ್ಟಾಗಿದೆ ಎಂದು ಯಾರೂ ಹೇಳಿರಲಿಲ್ಲ. ಅತ್ತುಬಿಟ್ಟೆ.

ಸಿ ತಿಜಾನಿಯ ಕಾಗದವನ್ನು ನಾನೇ ಓದಿಕೊಂಡೆ. "ವಿಚಾರಿಸದೆ ತೀರ್ಮಾನ ಮಾಡಿದೆ. ತಪ್ಪಾಯಿತು." ಮಡಚಿ ಪೆಟ್ಟಿಗೆಯಲ್ಲಿಟ್ಟೆ.

ಈಗ ಕಷ್ಟದ ಕೆಲಸ. ಈ ತಿಂಗಳ ಕೊನೆಯಿಂದ ನಾಲ್ಕು ವಾರ ಹುಲ್ಲಿಗೆ ಒಂದು ತೊಟ್ಟೂ ನೀರು ಹಾಕಬೇಡ. ಉಳಿದ ದುಂಬಿಗಳು ಮೊಟ್ಟೆಯಿಡುವುದು ಹಸಿ ಮಣ್ಣಿನಲ್ಲಿ. ಮಣ್ಣು ಒಣಗಿದರೆ ಮೊಟ್ಟೆಯೂ ಒಣಗುತ್ತದೆ. ಹುಲ್ಲನ್ನು ನಾಲ್ಕು ಬೆರಳಿಗಿಂತ ಗಿಡ್ಡ ಕತ್ತರಿಸಬೇಡ. ಎಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ. ಎಲ್ಲರೂ ಬೈಯುತ್ತಾರೆ. ಹೆದರಬೇಡ, ಗರಿಕೆ ಸಾಯುವುದಿಲ್ಲ, ಸತ್ತಂತೆ ಮಲಗುತ್ತದೆ.

ಕಣ್ಣು ನೀರಾಡುತ್ತಿದೆ. ಸಾಕು.

ಖಮೈಸ್


ಐನ್ ದ್ರಾಹಮ್,
27 ಸೆಪ್ಟೆಂಬರ್ 1987

ಚಿಕ್ಕಪ್ಪ,

ಬೇಸಿಗೆಯಲ್ಲಿ ಬರೆಯಲಿಲ್ಲ, ಬರೆಯುವ ಧೈರ್ಯವಿರಲಿಲ್ಲ. ಹುಲ್ಲು ಒಣಗಿ ಹಳೆಯ ಪೊರಕೆಯಂತಾಗಿತ್ತು. ಸಿ ತಿಜಾನಿ ದಿನಾ ಬಂದು, "ನೀರಿನ ಪೈಪು ಕಳುವಾಯ್ತಾ, ಇಲ್ಲಾ ನಿನ್ನ ಬುದ್ಧಿನಾ?" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ನಾನೇ ಸೋತು ಪೈಪು ಎಳೆದುಕೊಂಡು ಹೋದೆ. ಮದಾಮ್ ನಾಜಿಹಾ ನಲ್ಲಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. "ಇನ್ನೂ ಒಂಬತ್ತು ದಿನ ಇದೆ, ದಲೆಂದಾ. ನಾನೂ ಎಣಿಸ್ತಿದೀನಿ" ಎಂದರು.

ಆಗಸ್ಟಿನಲ್ಲಿ ನೀರು ಕೊಟ್ಟೆ. ಹತ್ತೇ ದಿನಕ್ಕೆ ಗೆಣ್ಣುಗೆಣ್ಣಿಗೂ ಚಿಗುರು. ಈಗ ಎರಡು ಮಳೆಯಾಗಿದೆ. ಐದು ಕಡೆ ಮಗುಚಿ ನೋಡಿದೆ. ಎಲ್ಲ ಸೇರಿ ಆರು ಹುಳು. ಆರನೆಯ ಕಡೆ ಮಗುಚಲು ಆಗಲೇ ಇಲ್ಲ, ಬೇರು ಅಷ್ಟು ಬಿಗಿಯಾಗಿ ಹಿಡಿದಿತ್ತು.

ಸಚಿವಾಲಯದವರು ಅಕ್ಟೋಬರ್ ಇಪ್ಪತ್ತಕ್ಕೆ ಬರುತ್ತಾರೆ. ಅವರಿಗಿಂತ ಮೊದಲು ನೀವು ನೋಡಬೇಕು. ಹದಿನೈದಕ್ಕೆ ಬನ್ನಿ. ಬಸ್ಸು ಮಧ್ಯಾಹ್ನ ಬರುತ್ತದೆ, ನಾನೇ ನಿಲ್ದಾಣಕ್ಕೆ ಬಂದಿರುತ್ತೇನೆ.

ದಲೆಂದಾ


ಕರ್ಕನಾ,
1 ನವೆಂಬರ್ 1987

ಮಗಳೇ,

ಸುಖವಾಗಿ ತಲುಪಿದೆ. ಹನೀಫಾ ಕಟ್ಟಿಕೊಟ್ಟ ಊಟದಲ್ಲಿ ಉಪ್ಪು ಜಾಸ್ತಿಯಾಗಿತ್ತು, ಬೇಕೆಂದೇ ಹಾಕಿದ್ದಾಳೆ. ಸಚಿವಾಲಯದವರು ಹುಲ್ಲನ್ನು ಒಪ್ಪಿದರೆಂದೂ, ಸಿ ತಿಜಾನಿ ಆ ಸಿಮೆಂಟಿನಲ್ಲಿ ಬಟ್ಟೆ ಒಗೆಯುವ ಕಟ್ಟೆಗೆ ಮೆಟ್ಟಿಲು ಕಟ್ಟಿಸುತ್ತಿದ್ದಾರೆಂದೂ ನೀನು ತಂತಿ ಕಳಿಸಿದ ದಿನ ಮನ್ನಾನಾ ಬೀದಿಗೆಲ್ಲ ಖರ್ಜೂರ ಹಂಚಿದಳು. ನಮ್ಮ ದ್ವೀಪದ ಶಾಲೆಯ ಮೇಷ್ಟರು ಬಂದು, "ನಮ್ಮ ಅಂಗಳದ ಉಪ್ಪು ಮಣ್ಣಲ್ಲಿ ಏನಾದ್ರೂ ಬೆಳೆಸೋಕೆ ಆಗುತ್ತಾ?" ಎಂದು ಕೇಳಿದ್ದಾರೆ. ನಾಳೆ ಹೋಗಿ ನೋಡುತ್ತೇನೆ.

ಅಲ್ಲಿದ್ದಾಗ ನಿನಗೆ ಹೇಳದ ಒಂದು ಸಂಗತಿ ಇದೆ. ನೀನು ನಿಲ್ದಾಣದಲ್ಲಿ ಮಧ್ಯಾಹ್ನದ ಬಸ್ಸಿಗೆ ಕಾಯುತ್ತಿದ್ದೆಯಲ್ಲ, ನಾನು ಬೆಳಗಿನ ಬಸ್ಸಿಗೇ ಬಂದುಬಿಟ್ಟಿದ್ದೆ. ಮೊದಲು ಒಬ್ಬನೇ ನೋಡಬೇಕೆಂದು ಆಸೆಯಾಯಿತು. ನೀನು ನಿಲ್ದಾಣಕ್ಕೆ ಹೊರಟ ಮೇಲೆ ಬೇಲಿಯ ಪಕ್ಕದಲ್ಲಿ ಬಂದು ಹುಲ್ಲಿನ ಅಂಚಿನಲ್ಲಿ ನಿಂತೆ. ಮಕ್ಕಳೆಲ್ಲ ಒಳಗೆ ಊಟಕ್ಕೆ ಕೂತಿದ್ದರು. ಹಸಿರು ಎಂದರೆ ಇಷ್ಟೊಂದು ಬಗೆಯಿದೆ ಎಂದು ಮರೆತೇಹೋಗಿತ್ತು. ಕಾಲು ತಾನಾಗಿಯೇ ಒಳಗೆ ಹೋಯಿತು. ನಾಲ್ಕು ಹೆಜ್ಜೆ ಇಟ್ಟಿದ್ದೆ, ಅಷ್ಟೇ.

"ತಾತಾ! ಏಯ್ ತಾತಾ!"

ತಿರುಗಿ ನೋಡಿದೆ. ಕಾಲಿಗೆ ಪಟ್ಟಿ ಕಟ್ಟಿಕೊಂಡ ಹುಡುಗಿಯೊಬ್ಬಳು ಒಂದೇ ಊರುಗೋಲಿನಲ್ಲಿ ಹುಲ್ಲಿನ ನಡುವಿನಿಂದ ದುಡುದುಡು ಬರುತ್ತಿದ್ದಳು. ನಡುವೆ ಒಮ್ಮೆ ಬಿದ್ದಳು. ಬಿದ್ದದ್ದೇ ಗೊತ್ತಾಗದವಳಂತೆ ಎದ್ದಳು. ನನ್ನ ಮುಂದೆ ನಿಂತು, ಸೊಂಟಕ್ಕೆ ಕೈಯಿಟ್ಟು ಗದರಿದಳು.

"ಬೂಟು ಹಾಕ್ಕೊಂಡು ಯಾರಾದ್ರೂ ಬರ್ತಾರಾ? ಇದು ದಲೆಂದಾಳ ಹುಲ್ಲು. ಬೆಳೆಸೋಕೆ ಎಷ್ಟು ಕಷ್ಟ ಅಂತ ಗೊತ್ತಾ ನಿಮಗೆ? ಬಿಚ್ಚಿ ಮೊದಲು!"

ಬಿಚ್ಚಿದೆ, ಮಗಳೇ. ಅಲ್ಲೇ ಕೂತು ಎರಡೂ ಬಿಚ್ಚಿದೆ.

ಖಮೈಸ್ ಚಿಕ್ಕಪ್ಪ